ಉಲ್ಟಾ ತಿರುಗಿದ ಜಡೆ

"ಬಲಗೈ ಮೇಲಿರಲಿ," ಎಂದು ಅಕ್ಕ ತಮ್ಮನ ಎಡಗೈಯನ್ನು ಹಿಡಿದು ಕೆಳಕ್ಕೆ ಸರಿಸಿದಳು.

ಬೆಳಗಿನ ಜಾವ ಹೋದ ಜೀವ. ಕೈಗಳು ಇನ್ನೂ ಮೆತ್ತಗಿದ್ದವು, ಬಾಗಿಸಿದಂತೆ ಬಾಗುತ್ತಿದ್ದವು. ಅವಳು ಬರುವಷ್ಟರಲ್ಲಿ ಯಾರೋ ಎಡಗೈ ಮೇಲೆ ಬರುವಂತೆ ಎರಡನ್ನೂ ಎದೆಯ ಮೇಲೆ ಜೋಡಿಸಿಬಿಟ್ಟಿದ್ದರು. ಅವಳು ಅದನ್ನು ಅಡಿಗೆ ಹಾಕಿ, ಲಕ್ವ ಹೊಡೆದು ಸೊರಗಿದ್ದ ಬಲಗೈಯನ್ನು ಮೇಲೆ ಹರಡಿ, ಬೆರಳುಗಳನ್ನು ಒಂದೊಂದಾಗಿ ನೀವಿ ನೆಟ್ಟಗೆ ಮಾಡಿದಳು. ಇಸ್ತ್ರಿಯಾದ ಅಂಗಿಯ ತೋಳು ಮಡಚುವಾಗ ಇರುತ್ತದಲ್ಲ, ಅಂಥದೇ ಕಟ್ಟುನಿಟ್ಟು.

ಗಾರ್ಮೆಂಟ್ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿನ ಹಿಂದೆ ನಿಂತೇ ತಲೆ ಹಣ್ಣಾದವಳು ಅವಳು. ಮಷಿನ್ನಿನಿಂದ ಇಳಿದ ಅಂಗಿಯನ್ನು ದೀಪದ ಕೆಳಗೆ ಹರಡಿ, ಹೊಲಿಗೆ ಸೊಟ್ಟಗಾದಲ್ಲೆಲ್ಲ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಕೆಲಸ. ಕೆಲಸದಿಂದ ಬಿಡುಗಡೆಯಾಯಿತು, ಕಣ್ಣಿಗೆ ಆಗಲಿಲ್ಲ. ಬೀದಿಯವರು ಬೆನ್ನ ಹಿಂದೆ ‘ಚೆಕಿಂಗ್ ಅಕ್ಕ’ ಎನ್ನುತ್ತಿದ್ದರು. ಧೈರ್ಯ ಇದ್ದವರು ಮುಖದ ಮುಂದೆಯೇ ಎನ್ನುತ್ತಿದ್ದರು. ಅವಳು ಇನ್ನೂ ಅತ್ತಿರಲಿಲ್ಲ. ಅಳಬೇಕೆಂದರೂ ಅವಳಿಗೆ ಮೊದಲು ಎಲ್ಲ ಸರಿಯಾಗಿರಬೇಕು.

ಮಂಚದ ಕಾಲಬಳಿ ಗೋಡೆಗೆ ಒರಗಿ ನಿಂತಿದ್ದ ತಮ್ಮನ ಹೆಂಡತಿ ಆ ಕೈಗಳನ್ನೇ ನೋಡುತ್ತಿದ್ದಳು.

"ಇದ್ಯಾವುದು ಕುತ್ತಿಗೆಗೆ?"

"ಮಫ್ಲರ್ ಅತ್ತಿಗೆ. ಅವರಿಗೆ ಇಷ್ಟವಾದ್ದು."

ಬೂದು ಬಣ್ಣದ ಉಣ್ಣೆ. ನಡುವೆ ಉದ್ದಕ್ಕೂ ಜಡೆ ಹೆಣೆದಂತೆ ಒಂದು ಪಟ್ಟಿ. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಇಷ್ಟ ಸರಿ. ಜಡೆ ನೋಡು, ಉಲ್ಟಾ ತಿರುಗಿದೆ. ಬಲಕ್ಕೆ ವಾಲಬೇಕಾದ್ದು ಎಡಕ್ಕೆ ವಾಲಿಕೊಂಡು ಕೂತಿದೆ. ಎಲ್ಲಿ ತಗೊಂಡ್ರಿ? ಯಾವನೋ ಚೆನ್ನಾಗಿ ಟೋಪಿ ಹಾಕಿದ್ದಾನೆ. ನಾಲ್ಕು ಜನ ಬಂದು ನೋಡ್ತಾರೆ, ಬಿಚ್ಚು ಅದನ್ನ."

"ಬಿಚ್ಚಲ್ಲ ಅತ್ತಿಗೆ."

"ಏನಂದೆ?"

"ಬಿಚ್ಚಲ್ಲ ಅಂದೆ."

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಹೆಣ್ಣು ಅಕ್ಕನಿಗೆ ಎದುರು ಮಾತಾಡಿದವಳಲ್ಲ. ಅಕ್ಕ ಜಡೆಯ ಪಟ್ಟಿಯನ್ನು ಅಂಗಿಯ ಕಾಲರಿನ ಒಳಗೆ ತುರುಕಿ, ಕಾಣದ ಹಾಗೆ ಮಾಡಿ, ಕುರ್ಚಿ ಎಳೆದುಕೊಂಡು ಕುಳಿತಳು.

ನಿಜಕ್ಕೂ ಅವಳು ಕೇಳಬೇಕೆಂದು ಬಂದದ್ದು ಬೇರೆ. ಚಳಿಗಾಲದಲ್ಲಿ ಜಗಳವಾಡಿ ಈ ಮನೆಯ ಬಾಗಿಲು ಬಡಿದು ಹೋದವಳು ಮತ್ತೆ ಹೊಸ್ತಿಲು ತುಳಿದದ್ದು ಇವತ್ತೇ. ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದನೇ? ಇಷ್ಟೇ ಪ್ರಶ್ನೆ. ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಇಟ್ಟುಕೊಂಡು ಬಂದಿದ್ದಳು. ಬಾಯಿ ಬಿಟ್ಟಾಗ ಹೊರಬಿದ್ದದ್ದು ಮಾತ್ರ ಮಫ್ಲರಿನ ತಕರಾರು.

*

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹೇಳಿದ್ದಳು, ಬಲಗೈ ಬೆರಳುಗಳಿಗೆ ಏನಾದರೂ ಕೆಲಸ ಕೊಡಿ, ಸುಮ್ಮನೆ ಬಿಟ್ಟರೆ ಕೊರಡಾಗುತ್ತವೆ, ಹೆಣಿಗೆಯಾದರೂ ಆದೀತು ಎಂದು. ಮಾರನೆಯ ದಿನವೇ ಅಕ್ಕ ಉಣ್ಣೆ ಅಂಗಡಿಗೆ ಹೋದಳು. ಅಂಗಡಿಯ ಯಜಮಾನಿ ಉಣ್ಣೆಯ ಜೊತೆಗೆ ಹೆಣಿಗೆಯ ಮಾಸಪತ್ರಿಕೆಗಳಿಗೆ ಚಂದಾ ಕೂಡ ಕಟ್ಟಿಸಿಕೊಳ್ಳುತ್ತಿದ್ದಳು.

"ಯಾರಿಗೆ ಉಡುಗೊರೆ, ಈ ಚಂದಾ?"

"ನನ್ನ ತಮ್ಮನಿಗೆ."

"ಗಂಡಸಿಗಾ!"

"ಯಾಕೆ, ಗಂಡಸರಿಗೆ ಬೆರಳಿರಲ್ವಾ?"

ಯಜಮಾನಿ ನಕ್ಕಳು. "ಸ್ವಲ್ಪವಾದ್ರೂ ಬರುತ್ತಾ ಅವರಿಗೆ?"

"ಕಡ್ಡಿ ಯಾವ ತುದೀಲಿ ಹಿಡೀಬೇಕು ಅಂತಾನೂ ಗೊತ್ತಿಲ್ಲ."

"ಮತ್ತೆ ನೀವೇ ಕಲಿಸಬಹುದಲ್ಲ ಅಕ್ಕ? ನಿಮ್ಮಷ್ಟು ಸ್ವೆಟರ್ ಹೆಣೆದೋರು ಈ ಏರಿಯಾದಲ್ಲಿ ಯಾರಿದ್ದಾರೆ?"

"ನಾನು ಕಲಿಸಿದ್ರೆ ಎರಡನೇ ದಿನಕ್ಕೇ ಜಗಳ. ಪುಸ್ತಕಕ್ಕೆ ಬೈಯೋಕೆ ಬಾಯಿರಲ್ಲ ನೋಡಿ. ಅದೇ ವಾಸಿ."

ಯಜಮಾನಿ ಮೂರು ಪತ್ರಿಕೆಗಳನ್ನು ಕೌಂಟರಿನ ಮೇಲೆ ಹರಡಿದಳು. ಮೊದಲನೆಯದನ್ನು ಅಕ್ಕ ನಾಲ್ಕು ಹಾಳೆ ತಿರುವಿ ಎಸೆದಳು. "ಇದರಲ್ಲಿ ಹೆಣಿಗೆ ಎಲ್ಲಿದೆ? ಹಲ್ಲು ಕಿಸಿಯೋ ಹುಡುಗೀರೇ ತುಂಬಿದ್ದಾರೆ." ಎರಡನೆಯದರಲ್ಲಿ ಬರೀ ಚೌಕುಳಿ, ಚೌಕುಳಿಯೊಳಗೆ ಇರುವೆಯಂಥ ಗುರುತುಗಳು. "ಇದನ್ನ ಓದೋಕೆ ಇಂಜಿನಿಯರ್ ಆಗಿರಬೇಕು." ಮೂರನೆಯದು ಹೊಸಬರಿಗೆಂದೇ ಮಾಡಿದ್ದು. ಒಂದೊಂದು ಕುಣಿಕೆಗೂ ಒಂದೊಂದು ಫೋಟೋ, ಫೋಟೋದಲ್ಲಿ ಎರಡು ಕೈ ಮಾತ್ರ. ಅಕ್ಷರ ದಪ್ಪಗಿತ್ತು. ಅಕ್ಕ ಅದನ್ನು ನಡುವೆ ತೆರೆದಿಟ್ಟು ಕೈ ತೆಗೆದು ನೋಡಿದಳು. ತಾನಾಗಿ ಮುಚ್ಚಿಕೊಳ್ಳಲಿಲ್ಲ. ಎರಡೇ ಬೆರಳಲ್ಲಿ ಹಾಳೆ ತಿರುವಿ ನೋಡಿದಳು. ತಿರುಗಿತು.

"ಪ್ಲಾಸ್ಟಿಕ್ ಕವರಲ್ಲಿ ಬರುತ್ತಾ? ಹರಿಯೋಕೆ ಅವನ ಕೈಲಿ ಆಗಲ್ಲ."

"ಬರೀ ಕಾಗದದ ಪಟ್ಟಿ ಸುತ್ತಿರ್ತಾರೆ. ಒಂದು ಮಾತು ಅಕ್ಕ, ಅವರದು ಬಲಗೈಯಾ ಎಡಗೈಯಾ? ಎಡಗೈಯವರಿಗೆ ಅಂತ ಇದೇ ಪುಸ್ತಕ ಬೇರೆ ಅಚ್ಚಾಗುತ್ತೆ. ಫೋಟೋ ಎಲ್ಲ ಅದಲುಬದಲು ಇರುತ್ತೆ. ಬೇಕಾದ್ರೆ ಅದನ್ನೇ ತರಿಸ್ತೀನಿ."

"ನಮ್ಮನೇಲಿ ಎಡಗೈಯವರು ಯಾರೂ ಇಲ್ಲ," ಎಂದಳು ಅಕ್ಕ.

ಸುಳ್ಳು ಹೇಳಬೇಕೆಂದು ಹೇಳಿದ ಮಾತಲ್ಲ ಅದು. ಅವಳು ಹಾಗೆಯೇ ನಂಬಿದ್ದಳು. ಒಂದು ವರ್ಷಕ್ಕೆ ಚಂದಾ ಕಟ್ಟಿ, ಒಂದಿಷ್ಟೂ ತಪ್ಪಿಲ್ಲದ ಉಡುಗೊರೆ ಕೊಟ್ಟೆ ಎಂಬ ಬಿಂಕದಲ್ಲಿ ಮನೆಗೆ ನಡೆದಳು.

*

ತಮ್ಮನ ಮಗಳು ಬರುವ ರೈಲು ತಡವಾಗಿತ್ತು. ಅವಳು ಬರದೆ ಶವದ ಗಾಡಿ ಹೊರಡುವಂತಿರಲಿಲ್ಲ. ಬಿಸಿಲು ಏರಿ, ಮಂಚದ ಕಾಲು ದಾಟಿ, ಗೋಡೆಗೆ ಹತ್ತಿತು. ಬಂದವರು ಸ್ವಲ್ಪ ಹೊತ್ತು ನಿಂತು, ಪಕ್ಕದ ಮನೆಯವರು ಕೊಟ್ಟ ಟೀ ಕುಡಿದು, ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲುತ್ತಿದ್ದರು.

ಕ್ಷೌರದಂಗಡಿಯವನು ಪೆಟ್ಟಿಗೆ ಹಿಡಿದು ಬಂದ. ಸತ್ತವನಿಗೆ ಬಾಲ್ಯದಿಂದ ಗೆಳೆಯ. ಯಾರೂ ಕರೆದಿರಲಿಲ್ಲ.

"ಮೂರು ದಿನದ ಗಡ್ಡ ಇಟ್ಕೊಂಡು ಹೊರಟಿದ್ದೀಯಾ, ನನ್ನ ಮಾನ ಕಳೆಯೋಕೆ," ಎಂದು ಮಲಗಿದ್ದವನನ್ನೇ ಬೈದು, ಪಕ್ಕದಲ್ಲಿ ಕುಳಿತು ಕೆನ್ನೆಗೆ ನೊರೆ ಹಚ್ಚತೊಡಗಿದ. ಆಗಾಗ ಮೂಗು ಎಳೆದುಕೊಳ್ಳುತ್ತಿದ್ದ.

"ನಿಮ್ಮ ಅಂಗಡಿ ಬೋರ್ಡ್ ಅವನೇ ಬರೆದದ್ದಲ್ವಾ?" ಎಂದಳು ಅಕ್ಕ. ತಮ್ಮ ಬೋರ್ಡ್ ಬರೆಯುವ ಪೇಂಟರ್ ಆಗಿದ್ದ. ಪೇಟೆಯ ಅರ್ಧ ಅಂಗಡಿಗಳ ಹೆಸರು ಅವನ ಕೈಬರಹದಲ್ಲಿದ್ದವು.

"ಬೋರ್ಡಷ್ಟೇ ಅಲ್ಲ ಅಕ್ಕ, ಬಾಗಿಲ ಗಾಜೂ ಅವನದೇ. ಗಾಜಿನ ಮೇಲೆ ಹೊರಗಡೆ ಬರೆದ್ರೆ ಮಳೆಗೆ ಹೋಗುತ್ತೆ ಅಂತ ಒಳಗಡೆಯಿಂದ ಉಲ್ಟಾ ಬರೀತಿದ್ದ. ಒಳಗೆ ಕೂತೋರಿಗೆ ಉಲ್ಟಾ, ಹೊರಗೆ ನಿಂತೋರಿಗೆ ನೆಟ್ಟಗೆ. ಹಾಗೆ ಓದೋಕೇ ನಮಗೆ ತಲೆ ತಿರುಗುತ್ತೆ, ಇವನು ಸಿಳ್ಳೆ ಹಾಕ್ಕೊಂಡು ಬರೀತಿದ್ದ."

"ನಾನು ತಿದ್ದಿಸಿದ ಕೈ ಅದು," ಎಂದಳು ಅಕ್ಕ. ಬೆಳಗಿನಿಂದ ಮೊದಲ ಬಾರಿಗೆ ಅವಳ ದನಿಯಲ್ಲಿ ಸ್ವಲ್ಪ ನೀರಾಡಿತು. "ಅಕ್ಷರ ಒಂದೊಂದೂ ನಾನೇ ತಿದ್ದಿಸಿದ್ದು. ಬಲಗೈ ಹಿಡ್ಕೊಂಡು."

ಕ್ಷೌರದವನ ಕತ್ತಿ ಗಲ್ಲದ ಮೇಲೆ ನಿಂತಿತು.

"ಬಲಗೈ ಹೌದು," ಎಂದ. "ನೀವು ರಸ್ತೇಲಿ ಕಂಡ್ರೆ ಬಲಗೈ."

"ಅಂದ್ರೆ?"

"ಬಿಡಿ ಅಕ್ಕ, ಹೋದ ಮನುಷ್ಯ."

"ಅಂದ್ರೆ ಏನಯ್ಯ? ಹೇಳೋದನ್ನ ಪೂರ್ತಿ ಹೇಳು."

"ಏಣಿ ಮೇಲೆ ನಿಂತು ಅವನು ಬರೀತಿದ್ದದ್ದು ಎಡಗೈಲಿ. ನೀವು ಫ್ಯಾಕ್ಟರಿ ಬಿಟ್ಟು ಆ ಕಡೆಯಿಂದ ಬರೋದು ಕಂಡ್ರೆ ನಾವು ಕೆಳಗಿಂದ ‘ಬಂದ್ರು, ಚೆಕಿಂಗ್ ಬಂದ್ರು’ ಅಂತ ಕೂಗ್ತಿದ್ವಿ. ಥಟ್ಟನೆ ಕುಂಚ ಬಲಗೈಗೆ ಬದಲಾಯಿಸಿಕೊಳ್ಳೋನು. ನೀವು ದಾಟಿ ಹೋಗೋವರೆಗೂ ಒಂದೇ ಅಕ್ಷರದ ಮೇಲೆ ಸವರ್ತಾ ನಿಂತಿರೋನು. ನಮಗೆಲ್ಲ ನಗು."

"ಸುಳ್ಳು!" ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಬಾಗಿಲಲ್ಲಿ ನಿಂತವರು ತಿರುಗಿ ನೋಡಿದರು. "ಹೆಣದ ಮುಂದೆ ಕೂತು ಸುಳ್ಳು ಹೇಳ್ತೀಯಲ್ಲ, ನಾಲಿಗೆ ಸೇದಿಹೋಗಲ್ವಾ ನಿಂದು?"

ಕ್ಷೌರದವನು ತಲೆ ತಗ್ಗಿಸಿ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ.

*

ಅಪ್ಪ ಅಮ್ಮ ಇಬ್ಬರೂ ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಮನೆ. ತಮ್ಮನಿಗೆ ಉಣಿಸಿ, ತೊಳೆಸಿ, ಮಲಗಿಸಿ ಬೆಳೆಸಿದ್ದು ಅಕ್ಕನೇ. ಸ್ಕೂಲಿನಲ್ಲಿ ಒಬ್ಬ ಮೇಷ್ಟ್ರಿದ್ದ. ಎಡಗೈಯಲ್ಲಿ ಬರೆಯುವ ಹುಡುಗರ ಗೆಣ್ಣಿಗೆ ರೂಲ್ ದೊಣ್ಣೆಯ ಅಂಚಿನಲ್ಲಿ ಹೊಡೆಯುತ್ತಿದ್ದ. ತನ್ನ ತರಗತಿಯ ಒಂದು ಹುಡುಗಿಯ ಗೆಣ್ಣು ಒಡೆದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಮನೆಗೆ ಬಂದರೆ ತಮ್ಮ ನೆಲದ ಮೇಲೆ ಕುಳಿತು ಬಳಪ ಹಿಡಿದು ಗೀಚುತ್ತಿದ್ದ. ಎಡಗೈಯಲ್ಲಿ.

ತನ್ನ ಜಡೆಯ ರಿಬ್ಬನ್ ಬಿಚ್ಚಿ ಅವನ ಎಡ ಮಣಿಕಟ್ಟನ್ನು ಕುರ್ಚಿಯ ಕಾಲಿಗೆ ಕಟ್ಟಿದಳು. ಮೊದಲು ಅತ್ತ. ಕಿರುಚಿದ. ಆಮೇಲೆ ಸುಮ್ಮನಾದ. ದಿನಾ ಸಂಜೆ ರಿಬ್ಬನ್, ದಿನಾ ಸಂಜೆ ಬಲಗೈಗೆ ಬಳಪ. ಒಂದು ದಿನ ರಿಬ್ಬನ್ ಕಟ್ಟುವುದನ್ನೇ ಮರೆತಳು. ಆದರೂ ಎಡಗೈ ಮೇಲೆ ಬರಲಿಲ್ಲ. ಗೆದ್ದೆ ಎಂದು ಅವನನ್ನು ಎತ್ತಿಕೊಂಡು ಮನೆಯೆಲ್ಲ ಕುಣಿದಳು. ಅವನೂ ನಕ್ಕ. ಅಕ್ಕ ಖುಷಿಯಾಗಿದ್ದರೆ ಅವನಿಗೆ ಅಷ್ಟು ಸಾಕಾಗಿತ್ತು.

ಅದೇ ನಗುವನ್ನು ಅವಳು ಹೋದ ಚಳಿಗಾಲದಲ್ಲೂ ನೋಡಿದ್ದಳು. ಪತ್ರಿಕೆ ತಿಂಗಳು ತಿಂಗಳೂ ಬರುತ್ತಿತ್ತು. ಅವಳು ಬಂದಾಗಲೆಲ್ಲ ಅದು ಶೆಲ್ಫಿನ ಮೇಲೆ ಸುಕ್ಕಿಲ್ಲದೆ ಮಲಗಿರುತ್ತಿತ್ತು. "ಓದ್ತಿದ್ದೀಯಾ?" ಎಂದರೆ "ಚೆನ್ನಾಗಿದೆ ಅಕ್ಕ" ಎನ್ನುತ್ತಿದ್ದ. ಆ ದಿನ ಅವಳಿಗೆ ತಡೆಯಲಾಗಲಿಲ್ಲ. ಕಡ್ಡಿ, ಉಣ್ಣೆ ತಂದು ಅವನ ಮಡಿಲಿಗೆ ಹಾಕಿ, "ಹೆಣೆ, ನೋಡೋಣ" ಎಂದಳು.

ಅವನು ಕಡ್ಡಿಯನ್ನು ಬಲಗೈಗೆ ತೆಗೆದುಕೊಂಡ. ಬೆರಳು ಹಿಡಿಯಲಿಲ್ಲ. ಕಡ್ಡಿ ಬಿತ್ತು. ಎತ್ತಿಕೊಟ್ಟಳು. ಮತ್ತೆ ಬಿತ್ತು. ಉಂಡೆ ಉರುಳಿ ಮಂಚದ ಕೆಳಗೆ ಹೋಯಿತು. ಅವನ ಹಣೆಯಲ್ಲಿ ಬೆವರು. ಎಡಗೈ ತೊಡೆಯ ಮೇಲೆ ತೆಪ್ಪಗೆ ಬಿದ್ದಿತ್ತು.

"ಒಂದು ಹಾಳೆಯನ್ನಾದ್ರೂ ತೆಗೆದು ನೋಡಿದ್ದೀಯಾ? ಅಂಗಡಿಯೆಲ್ಲ ಜಾಲಾಡಿ ಆರಿಸಿ ತಂದೆನಲ್ಲ, ನನಗೆ ಬುದ್ಧಿಯಿಲ್ಲ. ನಿನಗೆ ಮಾಡೋದೂ ಒಂದೇ, ಗೋಡೆಗೆ ಮಾಡೋದೂ ಒಂದೇ. ಸಾಯಿ ಹೀಗೇ ಕೂತು!"

ಅವನು ನಗುತ್ತಲೇ ಇದ್ದ. ಅವಳು ಬಾಗಿಲು ಬಡಿದು ಹೋದಳು.

*

"ಕನ್ನಡಿ ಎಲ್ಲಿದೆಯಮ್ಮ?" ಕ್ಷೌರದವನು ಮುಖ ಒರೆಸಿ ಮುಗಿಸಿ ಸುತ್ತ ನೋಡಿದ. "ನಂದು ಅಂಗಡೀಲಿ ಮರೆತು ಬಂದೆ. ಶೇವಿಂಗ್ ಆದ ಮೇಲೆ ಕನ್ನಡಿ ತೋರಿಸದೆ ನಾನು ಯಾವತ್ತೂ ಅವನನ್ನ ಎಬ್ಬಿಸಿದ್ದಿಲ್ಲ. ಬಚ್ಚಲಲ್ಲಿ ಒಂದಿತ್ತಲ್ಲ?"

"ಅಲ್ಲಿಲ್ಲ," ಎಂದಳು ತಮ್ಮನ ಹೆಂಡತಿ. "ಒಳಗೆ ಅವರ ಮೇಜಿನ ಮೇಲಿದೆ."

"ನಾನು ತರ್ತೀನಿ," ಎಂದು ಅಕ್ಕ ಎದ್ದಳು. ಆ ಮನುಷ್ಯನ ಮುಂದೆ ಕುಳಿತಿರಲು ಅವಳಿಗಾಗುತ್ತಿರಲಿಲ್ಲ.

ಹಿಂದಿನ ಕೋಣೆಯ ಕಿಟಕಿಗೆ ತಾಗಿಸಿ ಮೇಜು. ಒಂದು ಕಾಲದಲ್ಲಿ ಅವನು ಕುಂಚಗಳನ್ನು ತೊಳೆದು ಇಡುತ್ತಿದ್ದ ಮೇಜು. ಬಚ್ಚಲಿನ ಕನ್ನಡಿ ಅದರ ಮೇಲೆ ಒಂದು ಪೇಂಟ್ ಡಬ್ಬಿಗೆ ಒರಗಿ ನಿಂತಿತ್ತು. ಅದರ ಮುಂದೆ ಪತ್ರಿಕೆ ತೆರೆದು ಬಿದ್ದಿತ್ತು. ಅವಳು ಆರಿಸಿದ್ದೇ. ಅಂಚುಗಳು ಕೊಳೆಯಾಗಿ, ಮೂಲೆಗಳು ಮಡಿಸಿ ಮಡಿಸಿ ಹರಿದು, ಟೀ ಕಲೆ ಹತ್ತಿತ್ತು. ಕುರ್ಚಿಯಲ್ಲಿ ಕೂತವರಿಗೆ ಅದು ತಲೆಕೆಳಗಾಗಿತ್ತು.

ತಪ್ಪು ಕಂಡರೆ ಸುಮ್ಮನಿರುವ ಕೈಯಲ್ಲ ಅದು. ತಿರುಗಿಸಿ ನೆಟ್ಟಗಿಡಲು ಅಕ್ಕ ಕೈ ಚಾಚಿದಳು.

"ಅಲ್ಲಾಡಿಸಬೇಡಿ ಅತ್ತಿಗೆ."

ತಮ್ಮನ ಹೆಂಡತಿ ಬಾಗಿಲಲ್ಲಿದ್ದಳು. "ಹಾಗೇ ಇರಬೇಕು ಅದು. ಕೂತ್ಕೊಂಡು ನೋಡಿ."

ಅಕ್ಕ ತಮ್ಮನ ಕುರ್ಚಿಯಲ್ಲಿ ಕುಳಿತಳು. ಕನ್ನಡಿಯೊಳಗೆ ಪುಟ ನೆಟ್ಟಗೆ ನಿಂತಿತ್ತು. ಅಕ್ಷರಗಳೆಲ್ಲ ಹಿಂದುಮುಂದು, ಅವಳಿಂದ ಓದಲಾಗಲಿಲ್ಲ. ಆದರೆ ಫೋಟೋದ ಕೈಗಳು ಕಂಡವು. ಪುಟದ ಮೇಲೆ ಬಲಗೈ ಮಾಡುತ್ತಿದ್ದ ಕೆಲಸವನ್ನು ಕನ್ನಡಿಯೊಳಗೆ ಎಡಗೈ ಮಾಡುತ್ತಿತ್ತು. ಕಡ್ಡಿಯಿಂದ ಇಳಿಬಿದ್ದ ಜಡೆ ಎಡಕ್ಕೆ ವಾಲಿತ್ತು.

ಬೆಳಿಗ್ಗೆ ತಾನು ಕಾಲರಿನೊಳಗೆ ತುರುಕಿದ ಜಡೆ.

"ಅವನೇ ಹೆಣೆದನಾ?"

"ಮತ್ತಿನ್ಯಾರು? ಬಲಗೈಗೆ ಒಂದು ಕಡ್ಡಿಯನ್ನ ಬಟ್ಟೆ ಸುತ್ತಿ ಕಟ್ಟಿಕೊಡ್ತಿದ್ದೆ, ಸುಮ್ಮನೆ ಹಿಡ್ಕೊಂಡಿರೋಕೆ. ಕೆಲಸ ಎಲ್ಲ ಎಡಗೈದು. ಎಷ್ಟು ಸಲ ಬಿಚ್ಚಿದ್ರೋ, ಎಷ್ಟು ಸಲ ಹಾಕಿದ್ರೋ."

"ನಾನು ಬಂದಾಗ ಪುಸ್ತಕ ಹೊಸದಾಗೇ ಇರ್ತಿತ್ತಲ್ಲ?"

"ನಿಮಗೆ ಕಾಣ್ತಿದ್ದದ್ದು ಆ ತಿಂಗಳ ಹೊಸದು. ಓದಿದ್ದನ್ನ ದಿಂಬಿನ ಅಡಿ ಹಾಕ್ತಿದ್ರು. ಗೇಟಲ್ಲಿ ನಿಮ್ಮ ದನಿ ಕೇಳಿದ್ರೆ ನಾನು ಕನ್ನಡಿ ಎತ್ಕೊಂಡು ಬಚ್ಚಲಿಗೆ ಓಡ್ತಿದ್ದೆ. ಒಂದು ಸಲ ಕಾಲು ಜಾರಿ ಬಿದ್ದೆ. ಇವರು ನಕ್ಕಿದ್ದೂ ನಕ್ಕಿದ್ದೇ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಡಗೈಯವರ ಪುಸ್ತಕ ಬೇರೆ ಸಿಗುತ್ತಂತೆ, ಅಂಗಡಿಯಮ್ಮ ಹೇಳಿದ್ರು, ಬದಲಾಯಿಸೋಣ ಅಂದೆ. ಬೇಡ, ಅಕ್ಕ ಆರಿಸಿದ್ದು ಅಂದ್ರು. ಗಾಜಿನ ಮೇಲೆ ಬರೆದೋನಿಗೆ ಇದೇನು ಮಹಾ ಅಂದ್ರು."

ಅಕ್ಕ ದಾರಿಯುದ್ದಕ್ಕೂ ಹೊತ್ತು ತಂದ ಮಾತು ಈಗ ಹೊರಬಂತು.

"ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದನಾ?"

"ಸಿಟ್ಟಾ?" ತಮ್ಮನ ಹೆಂಡತಿ ಅವಳನ್ನು ದಿಟ್ಟಿಸಿದಳು. ಆ ನೋಟದಲ್ಲಿ ಕರುಣೆಯಿರಲಿಲ್ಲ. ಬೈಗುಳವೂ ಇರಲಿಲ್ಲ. ಬಹಳ ದಿನದ ಆಯಾಸವಿತ್ತು. "ನೀವು ಬರೋದು ಬಿಟ್ಟ ಮೇಲೂ ಅಷ್ಟೇ ಅತ್ತಿಗೆ. ಯಾರು ಬಾಗಿಲು ತಟ್ಟಲಿ, ಹಾಲಿನವನೇ ತಟ್ಟಲಿ, ಎಡಗೈಲಿದ್ದ ಕಡ್ಡಿನೂ ಬಲಗೈಗೆ ಬದಲಾಯಿಸಿಕೊಂಡು ಕೂತಿರೋರು. ನೆನ್ನೆ ಸಂಜೆ ಕೂಡ."

ಕಿಟಕಿಯ ಹೊರಗೆ ಯಾರೋ ಗಾಡಿ ತಿರುಗಿಸುತ್ತಿದ್ದರು. ಅಕ್ಕ ಕನ್ನಡಿಯ ಅಂಚಿಗೆ ಬೆರಳು ತಾಗಿಸಿ, ಈ ಮನೆಯಲ್ಲಿ ಯಾವತ್ತೂ ಯಾರನ್ನೂ ಅಪ್ಪಣೆ ಕೇಳದವಳು ಕೇಳಿದಳು:

"ತಗೊಳ್ಳಲಾ?"

*

ಕ್ಷೌರದವನು ಕನ್ನಡಿಯನ್ನು ಗೆಳೆಯನ ಮುಖದ ಮುಂದೆ ಹಿಡಿದು, ಎಂದಿನಂತೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲಿಸಿ, "ಆಯ್ತು, ನೋಡ್ಕೋ" ಎಂದ. ಅಷ್ಟು ಹೊತ್ತು ತಡೆದದ್ದು ಆಗ ತಡೆಯಲಿಲ್ಲ. ಕನ್ನಡಿಯನ್ನು ಮಂಚದ ಮೇಲಿಟ್ಟು, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ರೈಲು ಬಂತೆಂದು ಯಾರೋ ಕೂಗಿ ಹೇಳಿದರು. ಮಗಳು ಸ್ಟೇಷನ್ನಿನಿಂದ ಹೊರಟಿದ್ದಾಳೆ, ಇನ್ನೇನು ಬರುತ್ತಾಳೆ.

ಅಕ್ಕ ಬಾಗಿ ತಮ್ಮನ ಕಾಲರಿನೊಳಗಿಂದ ಮಫ್ಲರನ್ನು ಹೊರಗೆಳೆದಳು. ಜಡೆ ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲೆ ಹರಡಿದಳು. ಒಂದು ಕುಣಿಕೆಯೂ ತಪ್ಪಿರಲಿಲ್ಲ. ಚೆಕಿಂಗ್ ಟೇಬಲ್ಲಿನ ಮೇಲೆ ಬಂದಿದ್ದರೂ ಅವಳು ಸ್ಟಿಕ್ಕರ್ ಅಂಟಿಸುವಂಥ ಜಾಗ ಅದರಲ್ಲಿ ಇರಲಿಲ್ಲ.

ಆಮೇಲೆ ಅವನ ಬಲಗೈಯನ್ನು ಎತ್ತಲು ಹೋದಳು.

ಕೈ ಏಳಲಿಲ್ಲ. ಬೆಳಗಿನ ಮೆದುತನ ಹೋಗಿ ಮೈಯೆಲ್ಲ ಸೆಟೆದುಕೊಂಡಿತ್ತು. ಅಡಿಯಲ್ಲಿ ಸಿಕ್ಕಿಬಿದ್ದಿದ್ದ ಎಡಗೈಯ ಬೆರಳುಗಳನ್ನು ಹಿಡಿದು ಎಳೆದಳು. ತಣ್ಣಗಿದ್ದವು. ಅಲುಗಲಿಲ್ಲ.

"ಬಾರೋ," ಎಂದಳು ಮೆಲ್ಲಗೆ. "ಬಾ, ಮೇಲೆ ಬಾ. ಯಾರೂ ಏನೂ ಅನ್ನಲ್ಲ."

ಎಡಗೈ ಮೇಲೆ ಬರಲಿಲ್ಲ.

"ಬಿಡಿ ಅಕ್ಕ," ಎಂದು ಕ್ಷೌರದವನು ಅವಳ ಮೊಣಕೈ ಹಿಡಿದ. "ಇನ್ನು ಆಗಲ್ಲ. ಎಳೆದ್ರೆ ನೋವಾಗುತ್ತೆ ಅವನಿಗೆ."

ಅಕ್ಕ ಬಿಟ್ಟಳು. ಮಂಚದ ಮೇಲೆ ಕನ್ನಡಿ ಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತಮ್ಮನ ಎದೆಯ ಮಗ್ಗುಲಿಗೆ ಊರಿ, ಸ್ವಲ್ಪ ವಾಲಿಸಿ ಹಿಡಿದು, ಅದರೊಳಗೆ ನೋಡುತ್ತ ಮೊಣಕಾಲೂರಿದಳು.

"ಉಸಿರಿದೆಯಾ ಅಂತ ನೋಡ್ತಿದ್ದಾರೆ, ಪಾಪ," ಎಂದು ಬಾಗಿಲಲ್ಲಿ ಯಾರೋ ಪಿಸುಗುಟ್ಟಿದರು.

ಗಾಡಿ ಬಂದು ನಿಂತ ಸದ್ದಾಯಿತು. ಅವಳು ತಲೆಯೆತ್ತಲಿಲ್ಲ. ಸಣ್ಣ ಕನ್ನಡಿ ಅದು, ಎರಡು ಕೈಗಳಷ್ಟೇ ಅದರಲ್ಲಿ ಹಿಡಿಸುತ್ತಿದ್ದವು. ಅದರೊಳಗೆ ತಮ್ಮನ ಎಡಗೈ ಮೇಲಿತ್ತು.